ಸ್ಪ್ರಿಂಗಿನ ಮಣೆ, ಹಲಸಿನ ಮಣೆ

ಮನುಷ್ಯನಿಗೆ ಅವಮಾನ ಆಗುವುದಕ್ಕೆ ನೂರೆಂಟು ದಾರಿಗಳಿವೆ, ಇರಲಿ. ಆದರೆ ಒಂದು ಬಿಳಿ ಪ್ಲಾಸ್ಟಿಕ್ ಹಲಗೆಯಿಂದ ಆಗಬೇಕೆ? ಅದೂ ಯಾರಿಗೆ? ಟೈಪ್ ಲಕ್ಷ್ಮಯ್ಯನವರಿಗೆ!

'ಟೈಪ್' ಎಂಬುದು ಅವರ ಮನೆತನದ ಹೆಸರಲ್ಲ, ಬಿರುದು. ದೇವನಹಳ್ಳಿಯ ಒಂದು ಸಹಕಾರ ಸಂಘದಲ್ಲಿ ಟೈಪಿಸ್ಟ್ ಆಗಿ ಸೇರಿದ ಮೇಲೆ ಊರಿನವರೇ ಪ್ರೀತಿಯಿಂದ ಕೊಟ್ಟದ್ದು. ಅವರು ಹಳೆಯ ಟೈಪ್‌ರೈಟರಿನ ಮುಂದೆ ಕೂತು ಶುರು ಮಾಡಿದರೆ ಪಕ್ಕದ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದವರು ಆಲಿಕಲ್ಲು ಮಳೆ ಬಂತೇನೋ ಎಂದು ಆಚೆ ಬಂದು ಆಕಾಶ ನೋಡುತ್ತಿದ್ದರು. (ಇದು ಲಕ್ಷ್ಮಯ್ಯನವರೇ ಹೇಳಿದ್ದು. ಹೋಟೆಲಿನವರನ್ನು ಯಾರೂ ಕೇಳಿಲ್ಲ.)

ಅಂಥ ಸಂಘಕ್ಕೆ ತೊಂಬತ್ತಾರನೇ ಇಸವಿಯ ಕೊನೆಗೆ ಕಂಪ್ಯೂಟರ್ ಬಂತು. ಬಂತು ಅಂದರೆ ಸುಮ್ಮನೆ ಬರಲಿಲ್ಲ, ಚಿತ್ತೈಸಿತು. ಅದಕ್ಕೊಂದು ಪ್ರತ್ಯೇಕ ಕೋಣೆ, ಕೋಣೆಗೆ ಹೂವಿನ ಪರದೆ, ಬಾಗಿಲಿಗೆ 'ಚಪ್ಪಲಿ ಹೊರಗೆ ಬಿಡಿ' ಎಂಬ ಬೋರ್ಡು. ಇಲಿ ಹತ್ತಿ ವೈರು ಕಡಿದೀತು ಎಂಬ ಭಯಕ್ಕೆ ಸೆಕ್ರೆಟರಿಯವರು ಮೇಜಿನ ಕಾಲುಗಳ ಕೆಳಗೆಲ್ಲ ಸಿಮೆಂಟ್ ಇಟ್ಟಿಗೆ ಕೊಡಿಸಿ, ಗಣಕ ಮಹಾರಾಜರನ್ನು ಎತ್ತರದಲ್ಲಿ ಪ್ರತಿಷ್ಠಾಪನೆ ಮಾಡಿದರು. ಲಕ್ಷ್ಮಯ್ಯನವರು ಚಪ್ಪಲಿ ಬಿಟ್ಟು, ಟೈಪ್‌ರೈಟರ್ ಕಾಲದ ತಮ್ಮ ಕುರ್ಚಿಯನ್ನೇ ಎಳೆದುಕೊಂಡು, ಕೈಮುಗಿದು ಕೂತರು. 'ಸರ್ವ ಸದಸ್ಯರ ಸಭೆ' ಎಂದು ಒಂದು ನೋಟೀಸು ಹೊಡೆದರು. ಪ್ರಿಂಟರು ಕರ್ ಕರ್ ಎಂದು ಕಿರುಚಿ ಹಾಳೆಯನ್ನು ಹೊರಗೆ ತಳ್ಳಿತು. ಜವಾನ ಅದನ್ನು ಹಾಗೆಯೇ ಗೋಡೆಗೆ ಅಂಟಿಸಿದ.

ಮಾರನೆಯ ದಿನ ಸಂಘದ ಅಧ್ಯಕ್ಷರಾದ ದೊಡ್ಡಬೀರಪ್ಪನವರು ಆ ಗೋಡೆಯ ಮುಂದೆ ಬಹಳ ಹೊತ್ತು ನಿಂತರು.

"ಏನಯ್ಯಾ ಲಕ್ಷ್ಮಯ್ಯ, 'ಸರ್ಪ ಸದಸ್ಯರ ಸಭೆ' ಅಂತ ಹೊಡ್ದಿದ್ದೀಯಲ್ಲ, ನಾವೆಲ್ಲ ಏನು ಹುತ್ತದಿಂದ ಎದ್ದು ಬಂದಿದ್ದೀವಾ?"

ಅಂದಿನಿಂದ ಸಂಘದಲ್ಲಿ ಯಾರು ಯಾರನ್ನು ಕಂಡರೂ ಬುಸ್ ಎನ್ನತೊಡಗಿದರು. ಸೆಕ್ರೆಟರಿ ಲಕ್ಷ್ಮಯ್ಯನವರನ್ನು ಕರೆದು ಮೆಲ್ಲಗೆ, ಆದರೆ ಖಡಕ್ಕಾಗಿ ಹೇಳಿದರು: "ಮಾರ್ಚ್ ಮೀಟಿಂಗ್ ದಿನ ಅಧ್ಯಕ್ಷರೇ ಎದುರಿಗೆ ಕೂತು ನೋಡ್ತಾರಂತೆ. ತಪ್ಪಿಲ್ದಂಗೆ ಹೊಡೆದ್ರೆ ಕಂಪ್ಯೂಟರ್ ನಿಮ್ದೇ. ಇಲ್ಲಾಂದ್ರೆ, ಕೋರ್ಸ್ ಮಾಡ್ಕೊಂಡಿರೋ ಹುಡುಗಿ ರೂಪ ಅಂತ ಒಬ್ಳಿದ್ದಾಳೆ, ಅವಳು ಬಂದು ಕೂತ್ಕೋತಾಳೆ. ನೀವು ಹಿಂಡಿ ಗೋಡೌನ್ ನೋಡ್ಕೊಳ್ಳಿ."

ಹಿಂಡಿ ಗೋಡೌನು! ದನದ ಹಿಂಡಿ, ಬೂಸಾ ಮೂಟೆಗಳ ಆ ಕತ್ತಲ ಕೋಣೆಯ ಹೆಸರು ಕೇಳಿದರೇ ಲಕ್ಷ್ಮಯ್ಯನವರಿಗೆ ಸೀನು ಬರುತ್ತಿತ್ತು. ಬೂಸಾ ಧೂಳು ಅವರಿಗೆ ಆಗದು. ಅದಕ್ಕಿಂತ ಹೆಚ್ಚಾಗಿ, 'ಟೈಪ್ ಲಕ್ಷ್ಮಯ್ಯ' ಹೋಗಿ 'ಬೂಸಾ ಲಕ್ಷ್ಮಯ್ಯ' ಆಗುವುದು ಈ ಜನ್ಮದಲ್ಲಿ ಆಗದು.

"ತಪ್ಪು ನನ್ನ ಬೆರಳಿಂದಲ್ಲ ಕಣೇ" ಎಂದು ಅವರು ಸಂಜೆ ತಮ್ಮೂರು ಆವತಿಯ ಮನೆಯಲ್ಲಿ ಹೆಂಡತಿ ಆದಿಲಕ್ಷ್ಮಮ್ಮನಿಗೆ ಬೆನ್ನು ಕೊಟ್ಟು ಕೂತು ಹೇಳಿದರು. ಕಂಪ್ಯೂಟರ್ ಬಂದಾಗಿನಿಂದ ಭುಜ ನೋವು, ದಿನವೂ ಎಣ್ಣೆ ತಿಕ್ಕಬೇಕು. "ಆ ಕೀಲಿಗಳಿವೆಯಲ್ಲ, ಒತ್ತಿದ್ರೆ ಒತ್ತಿದ್ದೇ ಗೊತ್ತಾಗಲ್ಲ. ತಂಗಳು ಮುದ್ದೆಗೆ ಬೆರಳು ಚುಚ್ಚಿದಂಗಾಗುತ್ತೆ. ಒಂದು ಸದ್ದಿಲ್ಲ, ಸುದ್ದಿಲ್ಲ."

"ಸದ್ದು ಬೇಕಾದ್ರೆ ನನ್ನ ತುರೆಮಣೆ ಮೇಲೆ ಕೂತ್ಕೊಳ್ಳಿ. ಕಾಲು ಮುರಿದು ಎಷ್ಟು ದಿನ ಆಯ್ತು? ಕಾಯಿ ತುರಿಯೋವಾಗ ಅದು ಒಂದು ಕಡೆ, ನಾನೊಂದು ಕಡೆ ವಾಲ್ತೀವಿ. ದೀಪಾವಳಿಯಿಂದ ಬಾಯಿ ಬಡ್ಕೋತಿದ್ದೀನಿ, ಒಂದು ಮಣೆ ತಂದ್ಕೊಡಿ ಅಂತ."

ಲಕ್ಷ್ಮಯ್ಯನವರು ಹೂಂ ಎಂದರು. (ಗಂಡಂದಿರ ಹೂಂಗೆ ಅರ್ಥ ಹುಡುಕಬಾರದು.)

ಅವರ ತಲೆಯಲ್ಲಿ ಬೇರೆ ಹುಳು ಓಡಾಡುತ್ತಿತ್ತು. ಕಂಪ್ಯೂಟರ್ ರಿಪೇರಿಗೆ ಬಂದಿದ್ದ ಶ್ರೀಧರ್ ಅವತ್ತು ಒಂದು ಮಾತು ಹೇಳಿದ್ದ: "ಸಾರ್, ಇವೆಲ್ಲ ಈಗಿನ ರಬ್ಬರ್ ಕೀಬೋರ್ಡು, ಬಿಡಿ. ಎಂಬತ್ತರ ಕಾಲದ್ದು ನೋಡ್ಬೇಕು ನೀವು. ಒಂದೊಂದು ಅಕ್ಷರದ ಕೆಳಗೂ ಒಂದೊಂದು ಸ್ಪ್ರಿಂಗು! ಒತ್ತಿದ್ರೆ ಟಕ್, ಬಿಟ್ರೆ ಟಕ್. ಥೇಟ್ ನಿಮ್ಮ ಟೈಪ್‌ರೈಟರೇ. ನೆಲಮಂಗಲದಲ್ಲಿ ನಮ್ದೊಂದು ಗೋಡೌನ್ ಇದೆ, ಬೆಂಗಳೂರು ಆಫೀಸುಗಳು ಬೇಡ ಅಂದಿದ್ದೆಲ್ಲ ಲಾರೀಲಿ ಅಲ್ಲಿಗೇ ಬರುತ್ತೆ. ಭಾನುವಾರ ಬನ್ನಿ."

ಇಲ್ಲಿ ಒಂದು ವಿಷಯ ಹೇಳಬೇಕು. ಲಕ್ಷ್ಮಯ್ಯನವರು ಪ್ರತಿ ರಾಜ್ಯೋತ್ಸವಕ್ಕೂ ಸಂಘದ ಮುಂದೆ ಭಾಷಣ ಮಾಡುವವರು. ಕೀಬೋರ್ಡ್ ಎಂಬ ಮಾತು ಅವರ ಬಾಯಿಂದ ಬಾರದು. ಪತ್ರಿಕೆಯಲ್ಲಿ ಎಲ್ಲೋ 'ಕೀಲಿಮಣೆ' ಎಂದು ಓದಿ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಇಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಮನೆಯಲ್ಲಿ ಮಾತಾಡುವಾಗ ಸಲಿಗೆಯಿಂದ 'ಕೀಲಿ'ಯನ್ನೂ ಬಿಟ್ಟುಬಿಡುತ್ತಿದ್ದರು.

"ಆದೀ, ನಾಳೆ ನೆಲಮಂಗಲಕ್ಕೆ ಹೋಗಿ ಒಂದು ಒಳ್ಳೇ ಮಣೆ ತರ್ತೀನಿ."

ಆದಿಲಕ್ಷ್ಮಮ್ಮನಿಗೆ ಆದ ಸಂತೋಷ ಹೇಳತೀರದು. ಬೆಳಗ್ಗೆ ಬುತ್ತಿಗೆ ಚಿತ್ರಾನ್ನ, ಅದರ ಮೇಲೆ ಧಾರಾಳವಾಗಿ ಕಾಯಿತುರಿ. (ಕಾಲು ಮುರಿದ ಮಣೆಯ ಮೇಲೆ ಒಂದು ಕಡೆ ವಾಲಿಕೊಂಡೇ ತುರಿದದ್ದು!) ಲಕ್ಷ್ಮಯ್ಯನವರು ದೊಡ್ಡಬಳ್ಳಾಪುರದಲ್ಲಿ ಬಸ್ಸು ಬದಲಾಯಿಸಿ ಹೋಗಿ, ಸಂಜೆ ಕಂಕುಳಲ್ಲಿ ಪೇಪರ್ ಸುತ್ತಿದ ಪೊಟ್ಟಣ ಇಟ್ಟುಕೊಂಡು ಬಂದಾಗ ಆಕೆ ಕಾಯಿ ಒಡೆದುಕೊಂಡು ಸಿದ್ಧವಾಗಿ ಕೂತಿದ್ದರು. ಪೊಟ್ಟಣ ಬಿಚ್ಚಿದರು. ಆ ಕಡೆ ತಿರುಗಿಸಿದರು, ಈ ಕಡೆ ತಿರುಗಿಸಿದರು.

"ಹಲ್ಲೆಲ್ಲಿ ಇದಕ್ಕೆ?"

"ಹಲ್ಲಲ್ಲ ಕಣೇ, ಕೀಲಿ! ಇದು ಕೀಲಿಮಣೆ!"

"ಇಷ್ಟೊಂದು ಕೀಲಿ ಇದ್ಯಲ್ಲ, ಇದಕ್ಕೆಲ್ಲ ಬೀಗ ಎಲ್ಲಿ?"

ಆ ರಾತ್ರಿ ಸಾರಿಗೆ ಕಾಯಿ ಬೀಳಲಿಲ್ಲ.

ಸೋಮವಾರ ಅದನ್ನು ಸಂಘಕ್ಕೆ ಒಯ್ದು ನೋಡಿದರೆ ಅದರ ಬಾಲದ ತುದಿಯ ಪಿನ್ನಿಗೂ ಕಂಪ್ಯೂಟರಿನ ತೂತಿಗೂ ಹೊಂದಿಕೆಯೇ ಇಲ್ಲ. ಮತ್ತೆ ಭಾನುವಾರ, ಮತ್ತೆ ನೆಲಮಂಗಲ. ಎರಡನೆಯದು ಹೊಂದಿತು, ಸದ್ದೂ ಬಂತು. ಆದರೆ ಅದರಲ್ಲಿ 'ಸ' ಬರುತ್ತಿರಲಿಲ್ಲ. ಎಷ್ಟು ಗುದ್ದಿದರೂ ಆ ಒಂದು ಕೀಲಿ ಕೆಳಗೆ ಹೋದದ್ದು ಮೇಲೆ ಏಳದು. 'ಸಹಕಾರ ಸಂಘ'ದಲ್ಲಿ ಕೆಲಸ ಮಾಡುವವನು 'ಸ' ಇಲ್ಲದೆ ಏನು ತಾನೇ ಮಾಡಬಲ್ಲ? ಸಿಟ್ಟಿನಲ್ಲಿ ಅದನ್ನೂ ಮನೆಗೆ ಹೊತ್ತು ತಂದು, ಮೂರನೆಯ ಬಾರಿ ಹೊರಟರು.

"ಹಿಂದಿರುಗಿಸಿ ಬನ್ರೀ ಅವನ್ನ!"

"ಥೂ, ಹಳೇ ವಸ್ತು ಬೆಲೆ ನಿನಗೇನು ಗೊತ್ತು? ಅದಿರಲಿ, ಇದಿರಲಿ, ಒಂದಕ್ಕೊಂದು ಹೋಲಿಸಿ ನೋಡೋದು ಬೇಡ್ವಾ?"

ಮೂರನೆಯದು ಬಂದಾಗ ಆದಿಲಕ್ಷ್ಮಮ್ಮ ಒಳಗಿನಿಂದ ಬರಲೂ ಇಲ್ಲ. ಆದರೆ ಲಕ್ಷ್ಮಯ್ಯನವರ ಮುಖದಲ್ಲಿ ಗೃಹಪ್ರವೇಶದ ಕಳೆ. ಬೂದು ಬಣ್ಣ, ಅಕ್ಷರಗಳು ಅರ್ಧ ಸವೆದಿವೆ, ಒಳಗೆ ಕಬ್ಬಿಣದ ತಗಡು, ಒರಳುಕಲ್ಲಿನಂಥ ಭಾರ. ಒತ್ತಿದರೆ ಎಂಥ ಟಕ್ ಅಂತೀರಿ! ಆ ಸಂಜೆ ಮೂರನ್ನೂ ಚಾಪೆಯ ಮೇಲೆ ಸಾಲಾಗಿ ಇಟ್ಟುಕೊಂಡು, ಚಕ್ಕಲಮಕ್ಕಲ ಹಾಕಿ ಕೂತು, ಅವರೆಕಾಯಿ ಸುಲಿಯುತ್ತಿದ್ದ ಹೆಂಡತಿಯನ್ನು ಗೋಡೆಯ ಕಡೆ ತಿರುಗಿಸಿ ಕೂರಿಸಿದರು.

"ನೋಡ್ಬೇಡ. ಬರೀ ಕೇಳು. ಯಾವುದು ಚೆನ್ನಾಗಿದೆ ಹೇಳು. ಇದು?"

"ಸಾಸಿವೆ ಸಿಡಿದಂಗಿದೆ."

"ಇದು?"

"ನಿಮ್ಮಮ್ಮ ಅಡಿಕೆ ಕತ್ತರಿಸ್ತಿದ್ದಂಗಿದೆ. ಸಾಕು ನಿಲ್ಸಿ, ಭಯ ಆಗುತ್ತೆ."

"ಹೋಗ್ಲಿ, ಇದು?" ಎಂದು ಲಕ್ಷ್ಮಯ್ಯನವರು ಮೂರನೆಯದರ ಮೇಲೆ ಹತ್ತೂ ಬೆರಳು ಬಿಟ್ಟರು. ಆಹಾ! ಬೆರಳುಗಳು ಓಡಿದವು, ಹಾರಿದವು, ಕುಣಿದವು. ಇಷ್ಟು ದಿನ ಎಲ್ಲಿ ಹೋಗಿತ್ತೋ ಆ ವೇಗ ಎಂದು ಅವರ ಕಣ್ಣಲ್ಲಿ ನೀರೇ ಬಂತು. ಭುಜವೂ ನೋಯಲಿಲ್ಲ. "ನೋಡಿದ್ಯಾ ಆದೀ! ಇಡೀ ನೋಟೀಸು ಹೊಡೆದ್ಬಿಟ್ಟೆ. ಒಂದೇ ಒಂದು ತಪ್ಪು ಬೀಳ್ಲಿಲ್ಲ!"

ಆದಿಲಕ್ಷ್ಮಮ್ಮ ತಿರುಗಿ ನೋಡಿದರು. ಕೀಲಿಮಣೆಯ ಬಾಲ ಚಾಪೆಯ ಮೇಲೆ ಎಲ್ಲಿಗೂ ಸೇರದೆ ಬಿದ್ದಿತ್ತು.

"ತಪ್ಪು ಎಲ್ರೀ ಬೀಳ್ಬೇಕಾಗಿದ್ದು? ಚಾಪೆ ಮೇಲಾ?"

"ನನ್ನ ಬೆರಳಿಗೆ ಗೊತ್ತಾಗುತ್ತೆ ಕಣೇ!"

"ನಿಮ್ಮ ಬೆರಳಿಗೆ ಎಲ್ಲ ಗೊತ್ತಾಗುತ್ತೆ. ಮನೆಗೆ ಒಂದು ತುರೆಮಣೆ ಬೇಕು ಅನ್ನೋದೊಂದು ಬಿಟ್ಟು."

ಪರೀಕ್ಷೆಯ ದಿನವೇ ಎಲ್ಲರೆದುರು ಹೊರಗೆ ತೆಗೆಯಬೇಕೆಂದು ಲಕ್ಷ್ಮಯ್ಯನವರು ಅದನ್ನು ಸಂಘಕ್ಕೆ ಒಯ್ಯಲೇ ಇಲ್ಲ. ಅಲ್ಲಿಂದ ಮುಂದೆ ಮನೆಯಲ್ಲೇ ಬೆಳಗ್ಗೆ ಟಕ್ ಟಕ್, ಸಂಜೆ ಟಕ್ ಟಕ್. ಮೂರನ್ನೂ ಬಟ್ಟೆಯಲ್ಲಿ ಒರೆಸುವುದೇನು, ಬ್ರಷ್ಷಿನಲ್ಲಿ ಧೂಳು ತೆಗೆಯುವುದೇನು, ಕೈಯಲ್ಲಿ ತೂಗಿ ತೂಗಿ "ಹಳೇದಕ್ಕೆ ಇರೋ ತೂಕ ಹೊಸದಕ್ಕಿಲ್ಲ" ಎನ್ನುವುದೇನು! ಆದಿಲಕ್ಷ್ಮಮ್ಮನಿಗೆ ತಲೆ ಚಿಟ್ಟು ಹಿಡಿದುಹೋಯಿತು. ಕೊನೆಗೆ ತಡೆಯಲಾರದೆ, ತವರೂರಾದ ಕುಂದಾಣದ ಕಡೆಗೆ ಹೋಗುತ್ತಿದ್ದ ಪಕ್ಕದ ಮನೆಯ ಅಪ್ಪಯ್ಯಣ್ಣನನ್ನು ಬಾಗಿಲಲ್ಲಿ ನಿಲ್ಲಿಸಿ ಹೇಳಿ ಕಳಿಸಿದರು: "ನಮ್ಮಪ್ಪನಿಗೆ ಹೇಳಣ್ಣ, ಅಳಿಯಂದ್ರಿಗೆ ಹಳೇ ಮಣೆ ಹುಚ್ಚು ಹಿಡಿದಿದೆ, ಬಂದು ನಾಲ್ಕು ಬುದ್ಧಿ ಹೇಳ್ಬೇಕಂತೆ ಅಂತ."

ಅಪ್ಪಯ್ಯಣ್ಣ ಒಳ್ಳೆಯ ಮನುಷ್ಯ. ಮಾವನ ಎದುರಿಗೆ ಅಳಿಯನ ಹುಚ್ಚಿನ ಮಾತು ಎತ್ತುವುದು ಚೆನ್ನಾಗಿರದು ಎಂದು ಅಷ್ಟನ್ನು ಬಿಟ್ಟು ಉಳಿದದ್ದನ್ನು ಹೇಳಿದ: "ನಿಮ್ಮ ಅಳಿಯಂದ್ರಿಗೆ ಹಳೇ ಮಣೆ ಅಂದ್ರೆ ಪ್ರಾಣವಂತೆ. ನೀವು ಒಂದ್ಸಲ ಬರ್ಬೇಕಂತೆ."

ಮಾರ್ಚ್ ಮೀಟಿಂಗಿನ ಹಿಂದಿನ ಸಂಜೆ ಮಾವ ಮುನಿಶಾಮಪ್ಪನವರು ಬಸ್ಸಿಳಿದರು. ಹೆಗಲ ಮೇಲೆ ಗೋಣಿಚೀಲ. ಪಡಸಾಲೆಯಲ್ಲಿ ಅದನ್ನು ದಬದಬನೆ ಸುರಿದರು. ಊಟದ ಮಣೆ, ಪೂಜೆಯ ಮಣೆ, ಅಳಗುಳಿ ಮಣೆ, ಯಾವ ಕಾಲದ್ದೋ ಹಸೆಮಣೆ!

"ಅಟ್ಟದ ಮೇಲೆ ಬಿದ್ದಿದ್ವು ಅಳಿಯಂದ್ರೇ. ನಿಮಗೆ ಇದರಲ್ಲಿ ಆಸೆ ಅಂತ ಮೊದ್ಲೇ ಗೊತ್ತಿದ್ದಿದ್ರೆ ಮದ್ವೇಲೇ ಕೊಟ್ಬಿಡ್ತಿದ್ದೆ!"

ಲಕ್ಷ್ಮಯ್ಯನವರು ಹೆಂಡತಿಯನ್ನು ನೋಡಿದರು. ಹೆಂಡತಿ ತೊಲೆಯನ್ನು ನೋಡಿದರು. ಮುನಿಶಾಮಪ್ಪನವರು ಅಳಿಯನನ್ನು ಪಕ್ಕಕ್ಕೆ ಕೂರಿಸಿಕೊಂಡು ಒಂದೊಂದೇ ಮಣೆಯನ್ನು ಬೆರಳಗಂಟಿನಿಂದ ಬಡಿದು ಕೇಳಿಸತೊಡಗಿದರು.

"ಇದು ಮಾವು. ಟೊಳ್ಳು ಸದ್ದು, ಕೇಳಿಸ್ತಾ? ಇದು ಬೇವು, ಪರ್ವಾಗಿಲ್ಲ. ಈಗ ಇದು ಕೇಳಿ. ಹಲಸು! ನಮ್ಮ ತಾತನ ಕಾಲದ್ದು. ಎತ್ತಿ ನೋಡಿ. ಹಳೇದಕ್ಕೆ ಇರೋ ತೂಕ ಹೊಸದಕ್ಕೆ ಎಲ್ಲಿಂದ ಬರ್ಬೇಕು?"

ಒಳಗಿನಿಂದ ಆದಿಲಕ್ಷ್ಮಮ್ಮ ಕಿಸಕ್ಕನೆ ನಕ್ಕದ್ದು ಕೇಳಿಸಿತು. ಲಕ್ಷ್ಮಯ್ಯನವರು ಹೌದು ಮಾವ, ಆಹಾ ಮಾವ, ಎಂಥ ಸದ್ದು ಮಾವ ಎಂದು ತಲೆದೂಗಿದರು. ಮಾವನ ಮನಸ್ಸು ನೋಯಿಸಲಾದೀತೆ?

"ಅದ್ಸರಿ, ನೀವೂ ಮೂರು ತಂದಿದ್ದೀರಂತಲ್ಲ, ಎಲ್ಲಿ ತೋರ್ಸಿ."

ತೋರಿಸದೆ ವಿಧಿಯಿರಲಿಲ್ಲ. ಮುನಿಶಾಮಪ್ಪನವರು ಬೂದು ಕೀಲಿಮಣೆಯನ್ನು ತೊಡೆಯ ಮೇಲಿಟ್ಟುಕೊಂಡು, ಅಂಗೈಯಿಂದ ಸವರಿ, ಬಹಳ ಹೊತ್ತು ಯೋಚಿಸಿ, ಅಳಿಯನ ಮೇಲಿನ ಮರ್ಯಾದೆಗೆ ದನಿ ತಗ್ಗಿಸಿ ಕೇಳಿದರು.

"ಇದರ ಮೇಲೆ ಕೂತ್ಕೊಂಡ್ರೆ ಒತ್ತಲ್ವಾ?"

ಬೆಳಗಾಯಿತು. ಅವತ್ತೇ ಪರೀಕ್ಷೆ. ಲಕ್ಷ್ಮಯ್ಯನವರು ಹಿಂದಿನ ಸಂಜೆಯೇ ಬೂದು ಕೀಲಿಮಣೆಯನ್ನು ಒರೆಸಿ, ಟವಲು ಸುತ್ತಿ, ಬಾಗಿಲ ಹತ್ತಿರ ಇಟ್ಟಿದ್ದರು. ಬಚ್ಚಲಿನಲ್ಲಿ ತಲೆಗೆ ನೀರು ಹಾಕಿಕೊಳ್ಳುತ್ತಿರುವಾಗ ಬಸ್ಸಿಗೆ ಹೊತ್ತಾಯಿತು ಎಂಬ ಗಾಬರಿಗೆ ಅಲ್ಲಿಂದಲೇ ಕೂಗಿದರು.

"ಆದೀ! ಆ ಮಣೆ ಚೀಲಕ್ಕೆ ಹಾಕು!"

"ಯಾವ ಮಣೆರೀ? ಮನೆ ತುಂಬ ಮಣೆ!"

"ಅದೇ ಕಣೇ, ಹಳೇದು! ಎಲ್ಲಕ್ಕಿಂತ ಭಾರ ಇರೋದು! ಗಟ್ಟಿ ಸದ್ದಿಂದು!"

ಸಂಘದ ಕಂಪ್ಯೂಟರ್ ಕೋಣೆಯ ಹೊರಗೆ ಅವತ್ತು ಮದುವೆ ಮನೆಯಷ್ಟು ಚಪ್ಪಲಿ. ಒಳಗೆ ಅಧ್ಯಕ್ಷರು, ಡೈರೆಕ್ಟರುಗಳು, ಸೆಕ್ರೆಟರಿ. ಮೂಲೆಯಲ್ಲಿ ಶಾಂತವಾಗಿ ನಿಂತಿದ್ದ ರೂಪ. ಲಕ್ಷ್ಮಯ್ಯನವರು ಗಂಟಲು ಸರಿಮಾಡಿಕೊಂಡು, "ಈ ಸಂಘ ಕೊಟ್ಟಿರೋ ಕೀಲಿಮಣೆ ಸರಿಯಿಲ್ಲ ಸಾರ್. ನಾನು ನಂದೇ ತಂದಿದ್ದೀನಿ" ಎಂದು ಘೋಷಿಸಿ, ಜಾದೂಗಾರನ ಠೀವಿಯಿಂದ ಚೀಲಕ್ಕೆ ಕೈ ಹಾಕಿ ಹೊರಗೆಳೆದರು.

ಹಲಸಿನ ಮಣೆ. ಮಾವನ ತಾತನ ಕಾಲದ್ದು. ಅಂಚಿನಲ್ಲಿ ಯಾವ ಹಬ್ಬದ್ದೋ ಅರಿಶಿನ ಕುಂಕುಮ ಬೇರೆ.

ಡೈರೆಕ್ಟರುಗಳು ಕತ್ತು ಚಾಚಿ ನೋಡಿದರು.

"ಏನ್ ಲಕ್ಷ್ಮಯ್ಯ," ಎಂದರು ದೊಡ್ಡಬೀರಪ್ಪನವರು, "ಪರೀಕ್ಷೆಗೆ ಬಾ ಅಂದ್ರೆ ಊಟಕ್ಕೆ ಬಂದ್ಬಿಟ್ಟಿದ್ದೀಯಾ? ಎಲೆ ಹಾಕಿಸ್ಲಾ?"

ಡೈರೆಕ್ಟರುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಲಕ್ಷ್ಮಯ್ಯನವರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬೂಸಾ ಮೂಟೆಗಳು ಕಣ್ಣ ಮುಂದೆ ಸಾಲಾಗಿ ನಿಂತವು. ಆಗಲೇ ಮೂಗು ತುರಿಸತೊಡಗಿತು. ಮಾನ ಉಳಿಸಿಕೊಳ್ಳಲು ಏನಾದರೂ ಹೇಳಲೇಬೇಕಿತ್ತು. ಬಾಯಿಗೆ ಬಂದದ್ದನ್ನು ಹೇಳಿದರು.

"ಅದು... ಕೂತ್ಕೊಳ್ಳೋಕೆ ಸಾರ್. ಕುರ್ಚಿ ತಗ್ಗು."

ಹೇಳಿದ ಮೇಲೆ ಮಾಡಬೇಕಲ್ಲ! ಮಣೆಯನ್ನು ಕುರ್ಚಿಯ ಮೇಲಿಟ್ಟು, ದೇವರ ಮೇಲೆ ಭಾರ ಹಾಕಿ, ಅದರ ಮೇಲೆ ಕೂತರು. ಅದೇ ಬಿಳಿ ಪ್ಲಾಸ್ಟಿಕ್ ಹಲಗೆ. ಅದೇ ತಂಗಳು ಮುದ್ದೆ. ಕೈ ಇಟ್ಟರು.

ಅರೆ! ಇಷ್ಟು ದಿನ ಸೂರಿಗೆ ತೂಗಿದ ನೆಲುವಿನ ಮೊಸರಿಗೆ ಕೈ ಚಾಚಿದ ಹಾಗೆ ಮೇಲಕ್ಕೆ ಚಾಚಿಕೊಂಡಿದ್ದ ಕೈಗಳು ಈಗ ನೆಟ್ಟಗೆ, ತಮ್ಮ ಪಾಡಿಗೆ ತಾವು ಕೀಲಿಗಳ ಮೇಲೆ ಬಂದು ಕೂತಿದ್ದವು. ಭುಜ ಎಳೆಯಲಿಲ್ಲ, ಮಣಿಕಟ್ಟು ಮುರಿಯಲಿಲ್ಲ. ಬೆರಳುಗಳು ಓಡಿದವು. ಸದ್ದಿಲ್ಲದೆ, ಸ್ಪ್ರಿಂಗಿಲ್ಲದೆ, ಗಾಳಿಯ ಹಾಗೆ ಓಡಿದವು. ಪ್ರಿಂಟರು ಕಿರುಚಿತು. ದೊಡ್ಡಬೀರಪ್ಪನವರು ಹಾಳೆಯನ್ನು ಹರಿದುಕೊಂಡು, ಕನ್ನಡಕ ಏರಿಸಿ, ಸಾಲು ಸಾಲಿನಲ್ಲೂ ಹಾವು ಹುಡುಕಿದರು.

"ಸರ್ವ!" ಎಂದು ಕೂಗಿದರು. "ಸರ್ವ ಅಂತಾನೇ ಬಂದಿದೆ ಕಣ್ರಯ್ಯಾ! ಭೇಷ್! ಕಂಪ್ಯೂಟರ್ ನಿಂದೇ ಕಣಯ್ಯ. ಆದ್ರೆ ಇವತ್ತಿಂದ ನೀನು ಟೈಪ್ ಲಕ್ಷ್ಮಯ್ಯ ಅಲ್ಲ. ಮಣೆ ಲಕ್ಷ್ಮಯ್ಯ!"

ಕೆಲಸ ಉಳಿಯಿತು, ಬಿರುದು ಹೋಯಿತು. ಹೋಗಲಿ. ಮಣೆಯನ್ನು ಕುರ್ಚಿಯ ಮೇಲೆಯೇ ಬಿಟ್ಟು ಸಂಜೆ ಆವತಿಯ ಬಸ್ಸು ಹತ್ತಿದ ಲಕ್ಷ್ಮಯ್ಯನವರಿಗೆ ಖುಷಿಗಿಂತ ಚಿಂತೆಯೇ ಹೆಚ್ಚಾಗಿತ್ತು. ನಡೆದದ್ದನ್ನು ನಡೆದ ಹಾಗೆ ಹೇಳಿದರೆ ಮುಗಿಯಿತು. ಅಷ್ಟು ಭಾನುವಾರ, ಅಷ್ಟು ಬಸ್ಸು, ಅಷ್ಟು ಜಗಳ, ಎಲ್ಲ ಒಂದು ಊಟದ ಮಣೆಗಾಗಿ! ಆದಿ ಜೀವನಪೂರ್ತಿ ಆಡಿಕೊಂಡು ನಗುತ್ತಾಳೆ. ಬೇಡವೇ ಬೇಡ. ಮನೆಗೆ ಹೋದವರೇ ಬಾಗಿಲ ಹತ್ತಿರ ಟವಲಿನ ಗಂಟು ಇದೆಯೇ ಎಂದು ಓರೆಗಣ್ಣಿನಲ್ಲಿ ನೋಡಿದರು. ಇರಲಿಲ್ಲ. ಬದುಕಿದೆ, ಎಲ್ಲೋ ಮೂಲೆಗೆ ಸೇರಿಸಿರಬೇಕು, ಆಮೇಲೆ ಹುಡುಕಿ ಬಚ್ಚಿಟ್ಟರಾಯಿತು ಎಂದುಕೊಂಡು, ಮಾವನ ಎದುರಿಗೆ ಎದೆ ಉಬ್ಬಿಸಿ ನಿಂತರು.

"ಗೆದ್ದೆ ಮಾವ! ಕೆಲಸ ಉಳೀತು! ಎಲ್ಲ ಆ ಬೂದು ಕೀಲಿಮಣೆ ಮಹಿಮೆ. ಸ್ಪ್ರಿಂಗು ಅಂದ್ರೆ ಸ್ಪ್ರಿಂಗು! ಹೊಡೀತಾ ಇದ್ರೆ ಅಧ್ಯಕ್ಷರು ಬಾಯಿ ಬಿಟ್ಕೊಂಡು ನಿಂತಿದ್ರು. ಈಗೇನಂತೀಯೇ ಆದೀ? ಅದನ್ನ ಆಫೀಸಲ್ಲೇ ಬಿಟ್ಟು ಬಂದಿದ್ದೀನಿ, ಇನ್ನು ಮೇಲೆ ಅದರ ಜಾಗ ಅಲ್ಲೇ."

ಆದಿಲಕ್ಷ್ಮಮ್ಮ ಸೆರಗಿಗೆ ಕೈ ಒರೆಸಿಕೊಂಡರು. ಮುಖದಲ್ಲಿ ಒಂದಿಷ್ಟೂ ಬದಲಾವಣೆಯಿಲ್ಲ.

"ಹೌದಾ? ಸಂತೋಷ. ಬನ್ನಿ ಸ್ವಲ್ಪ ತಾರಸಿ ಮೇಲೆ."

ತಾರಸಿಯ ಮೇಲೆ ಹಳೆಯ ಪಂಚೆ ಹರಡಿತ್ತು. ಪಂಚೆಯ ತುಂಬ ಬೆಳ್ಳಗೆ ಸಂಡಿಗೆ. ಗಾಳಿಗೆ ಹಾರದಿರಲೆಂದು ಒಂದು ಮೂಲೆಗೆ ಮೊದಲನೆಯ ಕೀಲಿಮಣೆ, ಇನ್ನೊಂದು ಮೂಲೆಗೆ 'ಸ' ಇಲ್ಲದ ಕೀಲಿಮಣೆ, ಮತ್ತೊಂದು ಮೂಲೆಗೆ, ಒಳಗೆ ಕಬ್ಬಿಣದ ತಗಡಿರುವ, ಒರಳುಕಲ್ಲಿನ ಭಾರದ, ಸಾಕ್ಷಾತ್ ಆ ಬೂದು ಕೀಲಿಮಣೆ. ನಾಲ್ಕನೆಯ ಮೂಲೆ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು.

ಲಕ್ಷ್ಮಯ್ಯನವರು ಬಗ್ಗಿ ಆ ಮೂಲೆಯನ್ನು ಒತ್ತಿ ಹಿಡಿದರು.

"ಆಫೀಸಲ್ಲಿ ಬಿಟ್ಟು ಬಂದ್ರಲ್ಲ, ಅದೇ ನೋಡಿ" ಎಂದರು ಆದಿಲಕ್ಷ್ಮಮ್ಮ. "ನಿಮಗಿಂತ ಮೊದ್ಲೇ ಬಂದ್ಬಿಟ್ಟಿದೆ."

ಅಷ್ಟರಲ್ಲಿ ಒಂದು ಕಾಗೆ ಸಂಡಿಗೆಯ ಆಸೆಗೆ ಬಂದು ಬೂದು ಕೀಲಿಮಣೆಯ ಮೇಲೆ ಇಳಿಯಿತು. ಟಕ್! ಕಾಗೆ ಬೆದರಿ, ಕಾ ಎಂದು ಕಿರುಚಿಕೊಂಡು, ಹಿಂದೆ ನೋಡದೆ ಹಾರಿತು.

"ಬೆಳಗ್ಗೆಯಿಂದ ಒಂದು ಸಂಡಿಗೆ ಹೋಗಿಲ್ಲ ಕಣ್ರೀ!" ಆದಿಲಕ್ಷ್ಮಮ್ಮನ ಮುಖ ಈಗ ನಿಜವಾಗಿ ಅರಳಿತು. "ನಾನೂ ಸುಮ್ಸುಮ್ನೆ ಬೈಕೊಂಡೆ. ಒಳ್ಳೇ ಸಾಮಾನು. ಭಾನುವಾರ ಅಪ್ಪನ್ನ ಕರ್ಕೊಂಡು ಹೋಗಿ. ಮೊದ್ಲು ತುರೆಮಣೆ ತಗೊಳ್ಳಿ, ಅಪ್ಪ ಬಡಿದು ನೋಡಿ ಆರಿಸ್ತಾರೆ. ಹಂಗೇ ನೆಲಮಂಗಲದಲ್ಲಿ ಇಂಥದ್ದೇ ಇನ್ನೊಂದು ತನ್ನಿ. ಪಂ‌ಚೆಗೆ ನಾಲ್ಕು ಮೂಲೆ ಅಲ್ವಾ?"